ಸೊಪ್ಪಿನ ಬೆಟ್ಟದಲ್ಲಿ ಎಣ್ಣೆ ಗಿಡ ಹಾಕಬಹುದೇ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕು. ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಹನ್ನೆರಡು ಎಕರೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇದೆ. ಬೆಟ್ಟದ ಅರ್ಧ ಭಾಗ ಚೆನ್ನಾಗಿದೆ. ಉಳಿದರ್ಧ ಕಳೆ ತುಂಬಿ ಬೋಳಾಗಿದೆ. ಹೋದ ತಿಂಗಳು ಇಬ್ಬರು ಬಂದು, "ಇಲ್ಲಿ ಕಾಡುಹರಳು (ಜಟ್ರೋಫಾ) ಅಥವಾ ಹೊಂಗೆ ಹಾಕಿ. ಸಸಿ ನಾವು ಕೊಡುತ್ತೇವೆ, ಬೀಜ ನಾವೇ ಕೊಳ್ಳುತ್ತೇವೆ. ಡೀಸೆಲ್ ಬದಲು ಗಿಡದ ಎಣ್ಣೆ, ಪರಿಸರಕ್ಕೂ ಒಳ್ಳೆಯದು" ಅಂದರು. ನಮ್ಮ ಮನೆಯವರಿಗೆ ಮನಸ್ಸಿದೆ. ಮಾವನವರು ಮಾತ್ರ ಬೆಟ್ಟ ಮುಟ್ಟಬೇಡಿ, ಕೆಳಗಿನ ಒರತೆ ಬತ್ತುತ್ತದೆ ಅಂತಾರೆ. ಯಾರ ಮಾತು ಸರಿ? ಕಾರವಾರದ ಹತ್ತಿರ ನನ್ನ ತವರಿನಲ್ಲಿ ಗಜನಿಯ (ಉಪ್ಪುನೀರು ಹತ್ತುವ ತಗ್ಗು ಗದ್ದೆಯ) ಅಂಚಿಗೆ ಒಂದು ಎಕರೆ ಸ್ವಂತ ಜಾಗ ಖಾಲಿ ಬಿದ್ದಿದೆ. ಅಲ್ಲಾದರೂ ಎಣ್ಣೆ ಗಿಡ ಹಾಕಬಹುದೇ?

ಉತ್ತರ: ನಿಮ್ಮ ಮಾವನವರ ಮಾತೇ ಸರಿ. ಮರ ನಿಂತಿರುವ ಬೆಟ್ಟ ಕಡಿದು ಎಣ್ಣೆ ಗಿಡ ಹಾಕಬೇಡಿ. ಕಾಡುಹರಳೂ ಬೇಡ, ಹೊಂಗೆಯೂ ಬೇಡ. ಹಾಗಂತ ನಿಮ್ಮ ಮನೆಯವರ ಆಸೆಯನ್ನು ನಾನು ತಪ್ಪು ಅನ್ನುವುದಿಲ್ಲ. ಬೋಳು ಜಾಗದಿಂದ ನಾಲ್ಕು ಕಾಸು ಬರಲಿ, ಡೀಸೆಲ್ ಸುಡುವುದು ಕಡಿಮೆಯಾಗಲಿ ಅನ್ನುವುದು ಒಳ್ಳೆಯ ಯೋಚನೆಯೇ. ಬಂದವರು ಗಿಡದ ಗುಣ ಹೇಳಿದ್ದಾರೆ. ಆ ಗಿಡ ಬರುವ ಜಾಗದಲ್ಲಿ ಈಗ ಏನು ನಿಂತಿದೆ ಅಂತ ಕೇಳಿದಂತೆ ಕಾಣುವುದಿಲ್ಲ. ನಮ್ಮ ಕಾಡುಗಳಲ್ಲಿ ಟೇಪು ಹಿಡಿದು ಮರ ಅಳೆಯುತ್ತಾ, ಮನೆಮನೆಯ ಉರುವಲಿನ ಲೆಕ್ಕ ಹಾಕುತ್ತಾ ನಾನು ಕಲಿತ ದೊಡ್ಡ ಪಾಠ ಅದೇ. ಇಂಧನದ ಬೆಳೆಯ ಲೆಕ್ಕ ಸಸಿ ನೆಟ್ಟ ದಿನ ಶುರುವಾಗುವುದಿಲ್ಲ, ಅದಕ್ಕೆ ಜಾಗ ಮಾಡಲು ಕತ್ತಿ ಎತ್ತಿದ ದಿನವೇ ಶುರುವಾಗುತ್ತದೆ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. ಸೊಪ್ಪಿನ ಬೆಟ್ಟದ ನೆಲ ನಿಮ್ಮದಲ್ಲ, ಸರಕಾರದ್ದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ಏರ್ಪಾಡು. ಸೊಪ್ಪು, ದರಕು (ಉದುರಿದ ಒಣ ಎಲೆ), ಒಣ ಕಟ್ಟಿಗೆ ತರುವ ಸೌಲಭ್ಯ ಮಾತ್ರ ನಿಮ್ಮದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 1988ರಲ್ಲಿ ಒಂದು ತಿದ್ದುಪಡಿ ಬಂತು. ಕಾಡಿನ ನೆಲದಲ್ಲಿ ಚಹಾ, ಕಾಫಿ, ರಬ್ಬರ್ ಬೆಳೆಯುವುದನ್ನು ಅರಣ್ಯೇತರ ಬಳಕೆ ಅಂತ ಅದರಲ್ಲಿ ಬರೆದಿದ್ದಾರೆ. ಅದೇ ಸಾಲಿನಲ್ಲಿ ಎಣ್ಣೆ ಕೊಡುವ ಗಿಡಗಳ ಹೆಸರೂ ಇದೆ. ಅಂಥ ಬಳಕೆಗೆ ಕೇಂದ್ರದ ಅನುಮತಿ ಬೇಕು. ಸಸಿ ಹಂಚಲು ಬಂದವರಿಗೆ ಇದು ಗೊತ್ತಿರಬೇಕಿತ್ತು. ನಾಳೆ ಕೇಸು ಬಿದ್ದರೆ ಓಡಾಡಬೇಕಾದವರು ನೀವೇ.

ಕಾನೂನು ಇಲ್ಲದಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. ಯಾಕೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ.

ಒಂದು ಎಕರೆ ಸಾಧಾರಣ ಬೆಟ್ಟ ತೆಗೆದುಕೊಳ್ಳಿ. ಮತ್ತಿ, ಕಿಂದಳ, ನಂದಿ, ನೇರಳೆ, ಕವಲು, ನಡುನಡುವೆ ಒಂದೆರಡು ಹೊನ್ನೆ. ಕಾಂಡ, ಕೊಂಬೆ, ಬೇರು ಎಲ್ಲ ಸೇರಿ ಒಣ ತೂಕದಲ್ಲಿ 30 ಟನ್ ಇದೆ ಅಂದುಕೊಳ್ಳೋಣ. ಒಣ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ, ಅಂದರೆ 15 ಟನ್. ಅದು ಸುಟ್ಟೋ ಕೊಳೆತೋ ಗಾಳಿಗೆ ಸೇರಿದರೆ ಸುಮಾರು 55 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಈಗ ಅದೇ ಎಕರೆಯಲ್ಲಿ ಹೊಂಗೆ ಹಾಕಿದಿರಿ. ಎಲ್ಲ ಚೆನ್ನಾಗಿ ನಡೆದು, ಹತ್ತನೇ ವರ್ಷದ ಹೊತ್ತಿಗೆ ವರ್ಷಕ್ಕೆ 1,000 ಕೆಜಿ ಬೀಜ ಬಂತು ಅಂತಿಟ್ಟುಕೊಳ್ಳಿ. ಗಾಣಕ್ಕೆ ಹಾಕಿದರೆ ಸುಮಾರು 250 ಕೆಜಿ ಎಣ್ಣೆ ಸಿಗುತ್ತದೆ. ಲೀಟರಿನಲ್ಲಿ 270ರ ಆಸುಪಾಸು. ಅದು 230–240 ಲೀಟರ್ ಡೀಸೆಲಿನ ಕೆಲಸ ಮಾಡಬಹುದು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಹಾಗಾದರೆ ವರ್ಷಕ್ಕೆ ಉಳಿಸಿದ್ದು ಮುಕ್ಕಾಲು ಟನ್ನಿಗಿಂತ ಕಡಿಮೆ.

ಐವತ್ತೈದು ಟನ್ ಸಾಲ. ವರ್ಷಕ್ಕೆ ಮುಕ್ಕಾಲು ಟನ್ನೂ ಇಲ್ಲದ ಕಂತು. ತೀರಲು ಎಂಬತ್ತು ತೊಂಬತ್ತು ವರ್ಷ ಬೇಕು. ಹೊಂಗೆ ಮರವೂ ಬೆಳೆಯುತ್ತದೆ, ಅದರಲ್ಲೂ ಇಂಗಾಲ ಕೂಡುತ್ತದೆ ಅಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಹಳೆಯ ಬೆಟ್ಟದ ಅರ್ಧದಷ್ಟನ್ನು ಅದೇ ಕಟ್ಟಿಕೊಂಡಿತು ಅನ್ನೋಣ. ಆಗಲೂ ನಲವತ್ತು ವರ್ಷ ದಾಟುತ್ತದೆ. ಅಷ್ಟರಲ್ಲಿ ನಿಮ್ಮ ಮೊಮ್ಮಕ್ಕಳು ತೋಟ ನೋಡಿಕೊಳ್ಳುತ್ತಿರುತ್ತಾರೆ.

ಈ ಸಾಲದ ಮಾತು ನನ್ನ ಕಲ್ಪನೆಯಲ್ಲ. 2008ರಲ್ಲಿ ಅಮೆರಿಕದ ವಿಜ್ಞಾನಿ ಜೋಸೆಫ್ ಫಾರ್ಜೋನ್ ಮತ್ತು ಅವರ ಜೊತೆಗಾರರು ಬೇರೆ ಬೇರೆ ದೇಶಗಳಿಗೆ ಇದೇ ಲೆಕ್ಕ ಹಾಕಿದರು. ಅದಕ್ಕೆ 'ಇಂಗಾಲದ ಸಾಲ' ಅಂತಲೇ ಹೆಸರಿಟ್ಟರು. ಬ್ರೆಜಿಲ್‌ನ ಸೆರಾಡೊ ಕುರುಚಲು ಕಾಡು ತೆಗೆದು ಕಬ್ಬು ಹಾಕಿದರೆ ಸಾಲ ತೀರಲು ಸುಮಾರು 17 ವರ್ಷ. ಇಂಡೋನೇಷ್ಯಾ, ಮಲೇಷ್ಯಾದ ಮಳೆಕಾಡು ಕಡಿದು ತಾಳೆ ಹಾಕಿದರೆ 86 ವರ್ಷ. ಅಲ್ಲಿನ ಜೌಗು ಕಾಡನ್ನು ಬಸಿದು ಒಣಗಿಸಿ ತಾಳೆ ಹಾಕಿದರೆ 400 ವರ್ಷಕ್ಕೂ ಜಾಸ್ತಿ. ಅದೇ ತಂಡ ಇನ್ನೊಂದು ಮಾತನ್ನೂ ಹೇಳಿತು. ಹಾಳುಬಿದ್ದ ನೆಲದಲ್ಲಿ, ಏನನ್ನೂ ಕಡಿಯದೆ ಬೆಳೆದರೆ ಸಾಲ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿಮ್ಮ ತವರಿನ ಎಕರೆಗೆ ಬಂದಾಗ ಈ ಮಾತು ನೆನಪಿಟ್ಟುಕೊಳ್ಳಿ.

ಈಗ ಮಾವನವರು ಹೇಳಿದ ಒರತೆಯ ವಿಷಯ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಫೆಬ್ರವರಿಯಿಂದ ಮೇವರೆಗೆ ತೋಟಕ್ಕೆ ಬರುವ ನೀರು ಆ ನಾಲ್ಕು ತಿಂಗಳಲ್ಲಿ ಬೆಟ್ಟ ಕುಡಿದು ಇಟ್ಟುಕೊಂಡದ್ದು. ಮಣ್ಣು ಕುಡಿಯಬೇಕಾದರೆ ಅದು ಸಡಿಲ ಇರಬೇಕು. ಮೇಲೆ ದರಕು ಹಾಸಿರಬೇಕು. ಒಳಗೆ ಬೇರು, ಗೆದ್ದಲು, ಎರೆಹುಳ ಕೊರೆದ ಸಣ್ಣ ದಾರಿಗಳಿರಬೇಕು. ವಿಜ್ಞಾನಿ ಜಗದೀಶ ಕೃಷ್ಣಸ್ವಾಮಿ ಮತ್ತು ಜೊತೆಗಾರರು ಇದನ್ನು ಉತ್ತರ ಕನ್ನಡದಲ್ಲೇ ಅಳೆದಿದ್ದಾರೆ. ಸಹಜ ಕಾಡು, ಬೋಳಾದ ಗುಡ್ಡ, ಅಕೇಶಿಯಾ ತೋಪು ಮೂರನ್ನೂ ಹೋಲಿಸಿ ನೋಡಿದರು. ನೀರು ಚೆನ್ನಾಗಿ ಇಂಗಿದ್ದು ಸಹಜ ಕಾಡಿನ ಮಣ್ಣಿನಲ್ಲಿ. ಅಕೇಶಿಯಾ ನೆಟ್ಟಲ್ಲಿ ಬೋಳುಗುಡ್ಡಕ್ಕಿಂತ ಸ್ವಲ್ಪ ಪರವಾಗಿಲ್ಲ, ಆದರೆ ಕಾಡಿನ ಮಟ್ಟಕ್ಕೆ ಬರುವುದಿಲ್ಲ. ಒಂದೇ ಜಾತಿಯ ಸಾಲು ಗಿಡ ಹಾಕಿ, ಬುಡದಲ್ಲಿ ಓಡಾಡಿ, ಬೀಜ ಆಯಲು ದರಕು ಗುಡಿಸಿ ಸಾಪು ಮಾಡಿದರೆ ಮೊದಲ ಹೊಡೆತ ಬೀಳುವುದು ಒರತೆಗೆ. ಮಾವನವರು ಅಳತೆಯ ಉಪಕರಣ ಇಲ್ಲದೆ ಇದನ್ನು ಕಂಡುಕೊಂಡಿದ್ದಾರೆ.

ಹಸಿರು ಕಂಡರೆ ಕಾಡು ಅಂತ ತಿಳಿಯುವ ತಪ್ಪು ನಮ್ಮ ಜಿಲ್ಲೆಯಲ್ಲಿ ಒಮ್ಮೆ ಆಗಿದೆ. ಸಹಜ ಕಾಡು ತೆಗೆದು ತೇಗ, ನೀಲಗಿರಿ ಹಾಕುವುದನ್ನು ತಡೆಯಲು 1983ರಲ್ಲಿ ಶಿರಸಿ ಸೀಮೆಯ ಜನ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಆಮೇಲೆ ಕರಾವಳಿಯ ಜಂಬಿಟ್ಟಿಗೆ ಗುಡ್ಡಗಳ ತುಂಬ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಬಂತು. ಬೇಗ ಬೆಳೆಯಿತು, ಉರುವಲೂ ಕೊಟ್ಟಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ಎಲೆ ದನ ತಿನ್ನುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಗೊಬ್ಬರ ಗುಂಡಿಗೆ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು. ನಿಮ್ಮ ತೋಟಕ್ಕೆ ಬೇಕಾದದ್ದು ಮತ್ತಿ ಸೊಪ್ಪು. ಅದು ಕೊಟ್ಟಿಗೆಯಲ್ಲಿ ಹಾಸಿಗೆಯಾಗಿ, ಸಗಣಿ ಗಂಜಲ ಹೀರಿ, ಒಂದು ವರ್ಷದಲ್ಲಿ ಕಪ್ಪು ಗೊಬ್ಬರವಾಗಿ ಅಡಿಕೆ ಬುಡಕ್ಕೆ ಹೋಗುತ್ತದೆ. ಹೊಂಗೆಯಲ್ಲೂ ಸೊಪ್ಪಿದೆ, ಒಳ್ಳೆಯ ಸೊಪ್ಪೇ. ಆದರೆ ಬೀಜ ಬೇಕು ಅಂದರೆ ಕೊಂಬೆ ಕಡಿಯುವ ಹಾಗಿಲ್ಲ, ಸೊಪ್ಪು ಬೇಕು ಅಂದರೆ ಬೀಜ ಇಲ್ಲ. ಇದನ್ನು ನಿಮಗೆ ಅವರು ಹೇಳಿದರೇ?

ಕಾಡುಹರಳಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಬೇಲಿಗೆ ಹಾಕುವ ಗಿಡ, ದನ ಮುಟ್ಟುವುದಿಲ್ಲ, ಬೀಜ ವಿಷ. 2003ರಲ್ಲಿ ದೇಶದಲ್ಲಿ ಬಯೋಡೀಸೆಲ್ ಮಿಷನ್ ಯೋಜನೆ ಶುರುವಾದಾಗ ಎಲ್ಲರ ಬಾಯಲ್ಲೂ ಇದೇ ಹೆಸರು. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ 2017ರ ಹೊತ್ತಿಗೆ ಡೀಸೆಲಿನಲ್ಲಿ ನೂರಕ್ಕೆ 20 ಭಾಗ ಗಿಡದ ಎಣ್ಣೆ ಸೇರಿಸುವ ಗುರಿ ಇತ್ತು. ಅದರ ಹತ್ತಿರಕ್ಕೂ ಹೋಗಲಿಲ್ಲ. ಹೆಕ್ಟೇರಿಗೆ ಮೂರರಿಂದ ಐದು ಟನ್ ಬೀಜ ಬರುತ್ತದೆ ಅಂತ ನಂಬಿಸಿದ್ದರು. ನೀರು ಗೊಬ್ಬರ ಇಲ್ಲದ ಬರಡು ನೆಲದಲ್ಲಿ ಒಂದು ಟನ್ ಬಂದದ್ದೂ ಕಷ್ಟ. ಬಯಲುಸೀಮೆಯಲ್ಲೇ ಹೀಗಾದರೆ ನಮ್ಮ ಕಡೆ ಇನ್ನೂ ಕಷ್ಟ. ಬುಡದಲ್ಲಿ ನೀರು ನಿಂತರೆ ಇದರ ಬೇರು ಕೊಳೆಯುತ್ತದೆ. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ.

ಕೂಲಿಯ ಲೆಕ್ಕವನ್ನೂ ಮನೆಯವರ ಮುಂದಿಡಿ. ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕೆಜಿ ಬೀಜ ಬೇಕು. ಕಾಯಿ ಒಟ್ಟಿಗೆ ಬಲಿಯುವುದಿಲ್ಲ, ಒಂದೇ ಗಿಡಕ್ಕೆ ಮತ್ತೆ ಮತ್ತೆ ಹೋಗಬೇಕು. ಒಬ್ಬರು ದಿನವಿಡೀ ಆಯ್ದು 40 ಕೆಜಿ ಬೀಜ ಮಾಡಿದರೂ ಹತ್ತೇ ಲೀಟರ್. ಈಗ ನಿಮ್ಮ ಊರಿನಲ್ಲಿ ಅಡಿಕೆ ಕೊನೆ ಕೊಯ್ಯುವುದಕ್ಕೇ ಜನ ಸಿಗುತ್ತಾರಾ? ಒಂದು ದಿನದ ಕೂಲಿಯನ್ನು ಹತ್ತರಿಂದ ಭಾಗಿಸಿ ನೋಡಿ. ಆಯುವುದಕ್ಕೇ ಲೀಟರಿಗೆ ಅಷ್ಟು ಹೋಗುತ್ತದೆ. ಸಾಗಿಸುವುದು, ಗಾಣ, ಶುದ್ಧ ಮಾಡುವುದು ಆಮೇಲಿನ ಮಾತು. ಬೀಜ ನಾವೇ ಕೊಳ್ಳುತ್ತೇವೆ ಅಂದವರು ಯಾವ ದರಕ್ಕೆ, ಎಷ್ಟು ವರ್ಷ, ಕೊಳ್ಳದಿದ್ದರೆ ಏನು ಅಂತ ಬರೆದು ಕೊಡುತ್ತಾರಾ ಅಂತಲೂ ಕೇಳಿ.

ಹಾಗಾದರೆ ಜೈವಿಕ ಇಂಧನವೇ ಬೇಡವಾ? ಖಂಡಿತ ಬೇಕು. ನಾನು ಇದರಲ್ಲೇ ಕೆಲಸ ಮಾಡಿದವನು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಅನ್ನುವ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದೇ ಅವರ ಉದ್ದೇಶ. ಅಸ್ತ್ರ ಒಲೆ ಅಂತ ಕೇಳಿರಬೇಕು, ಅದು ಅಲ್ಲಿಂದ ಬಂದದ್ದು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿ ಅನ್ನುವ ಸಣ್ಣ ಊರಿನಲ್ಲಿ ಕಟ್ಟಿಗೆಯಿಂದ ಅನಿಲ ತಯಾರಿಸಿ, ಅದರಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ ಕೊಟ್ಟರು. ಮುಂದೆ ಕುಡಿಯುವ ನೀರಿನ ಪಂಪು, ಹಿಟ್ಟಿನ ಗಿರಣಿಯೂ ಅದರಿಂದಲೇ ನಡೆದವು. ಆ ಕಟ್ಟಿಗೆಗೆ ಅವರು ಕಾಡಿಗೆ ಕೈ ಹಾಕಲಿಲ್ಲ. ಊರಿನ ಹಾಳುಬಿದ್ದ ಗೋಮಾಳದಂಥ ಜಾಗದಲ್ಲಿ ಉರುವಲು ತೋಪು ಬೆಳೆಸಿದರು. ಅಲ್ಲಿನ ವಿಜ್ಞಾನಿ ಎನ್.ಎಚ್. ರವೀಂದ್ರನಾಥ್ ಅವರಂಥವರು ಒಂದು ಕಡೆ ಇಂಥ ಕೆಲಸದಲ್ಲಿ, ಇನ್ನೊಂದು ಕಡೆ ಉತ್ತರ ಕನ್ನಡದ ಕಾಡಿನ ಅಧ್ಯಯನದಲ್ಲಿ, ಎರಡರಲ್ಲೂ ಇದ್ದರು. ಉರುವಲಿನ ಲೆಕ್ಕ ಹಾಕುವವರು ಕಾಡನ್ನೂ ಅಳೆಯಬೇಕು ಅಂತ ನಾವೆಲ್ಲ ಕಲಿತದ್ದು ಅಂಥವರಿಂದ.

ನಿಮ್ಮ ಮನೆಯ ಇಂಧನಕ್ಕೆ ಬರೋಣ. ಕೊಟ್ಟಿಗೆಯಲ್ಲಿ ದನ ಎಷ್ಟಿವೆ ಅಂತ ನೀವು ಬರೆದಿಲ್ಲ. ದಿನಕ್ಕೆ 50 ಕೆಜಿ ಸಗಣಿ ಸಿಕ್ಕರೆ 2 ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರ ನಡೆಯುತ್ತದೆ. ಮಿಶ್ರತಳಿಯಾದರೆ ನಾಲ್ಕೈದು ಸಾಕು, ಮಲೆನಾಡು ಗಿಡ್ಡವಾದರೆ ಎಂಟೊಂಬತ್ತಾದರೂ ಬೇಕಾಗಬಹುದು. ಆ ಗ್ಯಾಸಿನ ಒಂದು ವರ್ಷದ ಶಾಖವನ್ನು ನಾನು ಮೇಲೆ ಹೇಳಿದ ಹೊಂಗೆ ಎಣ್ಣೆಯ ಶಾಖಕ್ಕೆ ಹೋಲಿಸಿ ನೋಡಿದೆ. ಕೊಟ್ಟಿಗೆ ಹಿಂದಿನ ಆ ಒಂದು ಗುಂಡಿ, ಚೆನ್ನಾಗಿ ಫಲ ಬಿಟ್ಟ ಒಂದೂವರೆ ಎಕರೆ ಹೊಂಗೆಗೆ ಸಮ. ಹತ್ತು ವರ್ಷ ಕಾಯಬೇಕಾಗಿಲ್ಲ, ಎರಡು ತಿಂಗಳಲ್ಲಿ ಒಲೆ ಹೊತ್ತುತ್ತದೆ. ಸ್ಲರಿ ತೋಟಕ್ಕೆ ಬರುತ್ತದೆ. ಹಳೆಯ ಒಲೆಯಲ್ಲಿ ಸುಡುತ್ತಿದ್ದ ಕಟ್ಟಿಗೆಯಲ್ಲಿ ದಿನಕ್ಕೆ ಸುಮಾರು ಏಳು ಕೆಜಿ ಉಳಿಯುತ್ತದೆ. ವರ್ಷಕ್ಕೆ ಎರಡೂವರೆ ಟನ್. ಅಷ್ಟು ಕಟ್ಟಿಗೆ ಬೆಟ್ಟದಲ್ಲೇ ಉಳಿಯಿತು ಅಂದಂತೆ.

ಈ ವಿಷಯದಲ್ಲಿ ಶಿರಸಿಗೆ ಹೆಸರಿದೆ. ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ ಮತ್ತು ರವೀಂದ್ರನಾಥ್ ಸೇರಿ ಶಿರಸಿಯ ಗೋಬರ್ ಗ್ಯಾಸ್ ಯಶಸ್ಸಿನ ಬಗ್ಗೆಯೇ 2001ರಲ್ಲಿ ಅಧ್ಯಯನ ಪ್ರಕಟಿಸಿದರು. ದೇಶದ ಎಷ್ಟೋ ಕಡೆ ಸ್ಥಾವರಗಳು ಕಟ್ಟಿ ಹಾಳುಬಿದ್ದಿದ್ದವು. ಇಲ್ಲಿ ಹಾಗಾಗಿರಲಿಲ್ಲ. ಅಧ್ಯಯನ ಮಾಡಿದ ಹಳ್ಳಿಗಳಲ್ಲಿ ಅವು ನಡೆಯುತ್ತಿದ್ದವು, ಹೆಚ್ಚಿನ ಮನೆಗಳ ಅಡುಗೆ ಅದರಲ್ಲೇ ಆಗುತ್ತಿತ್ತು. ಈಗ ಸಿಲಿಂಡರ್ ಬಂದು, ದನ ಕಡಿಮೆಯಾಗಿ ಕೆಲವರು ಗುಂಡಿ ಮುಚ್ಚಿದ್ದಾರೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ನಿಮ್ಮಲ್ಲಿ ಹಳೆಯ ಸ್ಥಾವರ ಇದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ.

ಅಡುಗೆಗಿಂತ ಜಾಸ್ತಿ ಕಟ್ಟಿಗೆ ತಿನ್ನುವುದು ಬಚ್ಚಲ ಒಲೆ ಮತ್ತು ಅಡಿಕೆ ಬೇಯಿಸುವ ಹಂಡೆ. ಕೆಂಪಡಿಕೆ ಮಾಡುವ ಮನೆಯಾದರೆ ಹೇಳುವುದೇ ಬೇಡ. ಅಂಗಳದ ಮೂಲೆಯಲ್ಲಿ ರಾಶಿ ಬಿದ್ದ ಅಡಿಕೆ ಸಿಪ್ಪೆ ಒಣಗಿದರೆ ಒಳ್ಳೆಯ ಉರುವಲು. ತೋಟಕ್ಕೆ ಮುಚ್ಚಿಗೆಯಾಗಿ ಹಾಕಿ ಉಳಿದದ್ದನ್ನು ಹಂಡೆಯ ಒಲೆಗೆ ಕೊಡಿ. ಒಲೆಗೆ ಗಾಳಿ ಬರಲು ಕಬ್ಬಿಣದ ಜಾಲರಿ, ಹೊಗೆ ಹೋಗಲು ಕೊಳವೆ, ಹಂಡೆಯ ಸುತ್ತ ಬೆಂಕಿ ಸುತ್ತುವ ಹಾಗೆ ಕಟ್ಟು. ಇಷ್ಟು ಮಾಡಿದರೆ ಕಟ್ಟಿಗೆ ಎಷ್ಟು ಉಳಿಯುತ್ತದೆ ಅಂತ ಒಂದು ಹಂಗಾಮಿನಲ್ಲೇ ನಿಮಗೆ ಗೊತ್ತಾಗುತ್ತದೆ.

ಇನ್ನು ಬೋಳಾದ ಆರು ಎಕರೆ. ಅದು ನಿಜವಾಗಿ ಬೋಳೋ, ಬೋಳಾದಂತೆ ಕಾಣುತ್ತದೋ ಅಂತ ಮೊದಲು ಅಳೆಯಬೇಕು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಗಾರರು 1984ರಿಂದ ಉತ್ತರ ಕನ್ನಡದಲ್ಲಿ ಒಂದೊಂದು ಹೆಕ್ಟೇರಿನ ಎಂಟು ತಾಕು ಗುರುತಿಸಿ, ಮರಕ್ಕೆ ಸಂಖ್ಯೆ ಕೊಟ್ಟು, ಹತ್ತು ವರ್ಷ ಸುತ್ತಳತೆ ಹಿಡಿದರು. ಯಾವ ಮರ ಬೆಳೆಯಿತು, ಯಾವುದು ಸತ್ತಿತು, ಯಾವ ಸಸಿ ಹೊಸದಾಗಿ ಬಂತು ಅಂತ ಹೀಗೆ ತಿಳಿಯಿತು. ನೀವು ಇದನ್ನೇ ಸಣ್ಣದಾಗಿ ಮಾಡಬಹುದು. ಹಗ್ಗ ತೆಗೆದುಕೊಂಡು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ ಹಾಕಿ. ಬೋಳು ಭಾಗದಲ್ಲಿ ಐದು ಕಡೆ, ಚೆನ್ನಾಗಿರುವ ಭಾಗದಲ್ಲಿ ಐದು ಕಡೆ. ಚೌಕದೊಳಗೆ ಎದೆಯ ಎತ್ತರದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಮೇಲೆ, ಸುತ್ತಳತೆ 30 ಸೆಂಟಿಮೀಟರ್ ದಾಟಿದ ಮರಗಳನ್ನು ಅಳೆದು ಹೆಸರು ಬರೆಯಿರಿ. ಆಮೇಲೆ ಕಳೆ ಸರಿಸಿ ಮೊಣಕಾಲಿಗಿಂತ ಎತ್ತರದ ಸಸಿ ಎಣಿಸಿ. ಹಳೆ ಬೊಡ್ಡೆಯಿಂದ ಬಂದ ಚಿಗುರನ್ನು ಬೇರೆಯಾಗಿ ಬರೆಯಿರಿ. ಹೆಸರಿಗೆ ಮಾವನವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಇದು ಯಾಕೆ ಮುಖ್ಯ ಅಂದರೆ, ಮತ್ತಿ, ಕವಲು, ನೇರಳೆ ಇವೆಲ್ಲ ಕಡಿದ ಬೊಡ್ಡೆಯಿಂದ ಮತ್ತೆ ಚಿಗುರುವ ಜಾತಿ. ಯುಪಟೋರಿಯಂ ಕಳೆಯ ಅಡಿಯಲ್ಲಿ ಅವು ವರ್ಷ ವರ್ಷ ಚಿಗುರಿ, ದನ ಮೇಯ್ದು ಅಥವಾ ಬೆಂಕಿ ಬಿದ್ದು ಮತ್ತೆ ಕೂತಿರುತ್ತವೆ. ಚೌಕಕ್ಕೆ ಐದಾರು ಚಿಗುರು, ಸಸಿ ಸಿಕ್ಕರೂ ನೀವು ಏನೂ ನೆಡಬೇಕಾಗಿಲ್ಲ. ಕಳೆಯನ್ನು ಹೂ ಬಿಡುವ ಮೊದಲೇ, ಅಕ್ಟೋಬರ್–ನವೆಂಬರಿನಲ್ಲಿ ಸವರಿ ತೋಟಕ್ಕೆ ಸೊಪ್ಪಾಗಿ ಹಾಕಿ. ಬೊಡ್ಡೆಗೆ ಎರಡು ಒಳ್ಳೆಯ ಚಿಗುರು ಬಿಟ್ಟು ಉಳಿದದ್ದು ತೆಗೆಯಿರಿ. ಹಳೆಯ ಅಗಳ (ಕಂದಕ) ಸರಿ ಮಾಡಿ, ನಾಲ್ಕೈದು ವರ್ಷ ದನ ಬಿಡಬೇಡಿ. ಜನವರಿಯಲ್ಲಿ ಸುತ್ತ ಬೆಂಕಿ ರೇಖೆ ತೆಗೆಯಿರಿ. ಸೊಪ್ಪು ಕಡಿಯುವ ಭಾಗದಲ್ಲೂ ಬೆಟ್ಟವನ್ನು ಮೂರು ಪಾಲು ಮಾಡಿಕೊಂಡು ವರ್ಷಕ್ಕೆ ಒಂದೇ ಪಾಲಿನಲ್ಲಿ ಕತ್ತಿ ಆಡಿಸಿ. ತುದಿ ಕಡಿಯಬೇಡಿ, ಮೇಲಿನ ಮೂರನೇ ಒಂದು ಭಾಗದ ಕೊಂಬೆ ಮರಕ್ಕೇ ಇರಲಿ. ದರಕನ್ನೂ ಪೂರ್ತಿ ಗುಡಿಸಬೇಡಿ.

ಸಸಿಯೇ ಇಲ್ಲದ ಖಾಲಿ ಜಾಗ ಸಿಕ್ಕರೆ ಅಲ್ಲಿ ಅರಣ್ಯ ಇಲಾಖೆಗೆ ತಿಳಿಸಿ ಕಾಡಿನ ಜಾತಿಗಳನ್ನೇ ತುಂಬಿ. ಮತ್ತಿ, ನೇರಳೆ, ಹಲಸು, ಮುರುಗಲು, ಉಪ್ಪಾಗೆ. ಮನೆಯವರಿಗೆ ಆದಾಯ ಬೇಕಲ್ಲ, ಅದಕ್ಕೆ ಉಪ್ಪಾಗೆ ಒಳ್ಳೆಯ ಉತ್ತರ. ಅದರ ಹುಳಿ ಹಣ್ಣಿನ ಸಿಪ್ಪೆಗೆ ಬೇಡಿಕೆ ಇದೆ, ಬೀಜದಿಂದ ಉಪ್ಪಾಗೆ ತುಪ್ಪವೂ ಬರುತ್ತದೆ. ಎಣ್ಣೆ ಬೀಜ ಬೇಕು ಅಂದವರಿಗೆ ನಮ್ಮ ಕಾಡಿನಲ್ಲೇ ಇದೆ ನೋಡಿ. ಆದರೆ ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಬೀಜದಿಂದ ಬೆಳೆಸಿದರೆ ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ. ಎಷ್ಟೋ ವರ್ಷ ಸಾಕಿ ಗಂಡು ಅಂತ ತಿಳಿದರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಕಸಿ ಗಿಡವೇ ತನ್ನಿ, ಶಿರಸಿಯ ಅರಣ್ಯ ಕಾಲೇಜಿನಲ್ಲಿ ವಿಚಾರಿಸಿ. ಉಪ್ಪಾಗೆ ಕೊಯ್ಲು ಸರಿಯಾಗಿ ಮಳೆಗಾಲಕ್ಕೇ ಬರುವುದರಿಂದ ಸಿಪ್ಪೆಯನ್ನು ಬೆಂಕಿಯಲ್ಲಿ ಒಣಗಿಸಬೇಕು, ಅದಕ್ಕೆ ವಿಪರೀತ ಕಟ್ಟಿಗೆ ಹೋಗುತ್ತದೆ. ಅದಕ್ಕೂ ಸುಧಾರಿತ ಡ್ರೈಯರ್ ಇದ್ದರೆ ಮಾತ್ರ ಲಾಭ ನಿಲ್ಲುತ್ತದೆ.

ಬಿದಿರು ಮೆಳೆ ಇದ್ದರೆ ಒಂದು ಮಾತು. ಎಪ್ಪತ್ತರ ದಶಕದಲ್ಲಿ ಗಾಡ್ಗೀಳ್ ನಮ್ಮ ಜಿಲ್ಲೆಯ ಬಿದಿರು ಯಾಕೆ ಖಾಲಿಯಾಗುತ್ತಿದೆ ಅಂತ ನೋಡಲು ಬಂದಿದ್ದರು. ಕಾಗದದ ಕಾರ್ಖಾನೆಗೆ ಬಿದಿರು ಕಡಿಯುವವರು ಮೆಳೆಯ ಬುಡದ ಮುಳ್ಳು ಸವರಿ ಸ್ವಚ್ಛ ಮಾಡುತ್ತಿದ್ದರು. ಅದರಿಂದ ಬಿದಿರು ಚೆನ್ನಾಗಿ ಬೆಳೆಯುತ್ತದೆ ಅನ್ನುವುದು ಅವರ ನಂಬಿಕೆ. ಊರಿನವರು ಮಾತ್ರ ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ ಅನ್ನುತ್ತಿದ್ದರು. ಅಳೆದು ನೋಡಿದಾಗ ಊರಿನವರ ಮಾತೇ ನಿಜವಾಯಿತು. ಮುಳ್ಳಿನ ಬೇಲಿ ಹೋದ ಮೆಳೆಯಲ್ಲಿ ದನ, ಕಾಡುಪ್ರಾಣಿ ಕಳಲೆ ತಿಂದು ಮುಗಿಸುತ್ತಿದ್ದವು. ನಿಮ್ಮ ಮೆಳೆಯ ಮುಳ್ಳು ಹಾಗೇ ಇರಲಿ.

ಈಗ ನಿಮ್ಮ ತವರಿನ ಎಕರೆ. ಇಲ್ಲಿ ನನ್ನ ಉತ್ತರ ಹೌದು. ಜಾಗ ಸ್ವಂತದ್ದು, ಖಾಲಿ ಇದೆ, ಏನನ್ನೂ ಕಡಿಯಬೇಕಾಗಿಲ್ಲ. ಹೊಂಗೆಯ ಮೂಲ ಮನೆಯೇ ಹೊಳೆ ದಂಡೆ, ಅಳಿವೆಯ ಅಂಚು. ಉಪ್ಪುನೀರಿನ ಸೋಂಕು ಸ್ವಲ್ಪ ತಗುಲಿದರೂ ತಡೆಯುತ್ತದೆ. ಬಿಸಿಲು ಬೇಕು, ಅಲ್ಲಿ ಬಿಸಿಲಿದೆ. ಬೇರಿನ ಗಂಟುಗಳಲ್ಲಿ ಸಾರಜನಕ ಕಟ್ಟುತ್ತದೆ, ಆದ್ದರಿಂದ ಬಡ ಮಣ್ಣಿನಲ್ಲೂ ಬದುಕುತ್ತದೆ. ಸಮುದ್ರದ ಗಾಳಿ ನೇರ ಹೊಡೆಯುವ ಮರಳು ಬದಿಗೆ ಸುರಹೊನ್ನೆ ಹಾಕಿ. ಬೆಟ್ಟದ ಹೊನ್ನೆಯೇ ಬೇರೆ, ಇದೇ ಬೇರೆ, ನರ್ಸರಿಯಲ್ಲಿ ಕೇಳುವಾಗ ಗೊಂದಲ ಆಗುತ್ತದೆ. ಸುರಹೊನ್ನೆಯ ತಿರುಳಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆ. ಕರಾವಳಿಯಲ್ಲಿ ಹಿಂದೆ ದೀಪಕ್ಕೆ ಇದೇ ಎಣ್ಣೆ ಹಾಕುತ್ತಿದ್ದರು, ತಾಯಿಯವರನ್ನು ಕೇಳಿ ನೋಡಿ. ಇದರ ಹಣ್ಣನ್ನು ಬಾವಲಿಗಳು ಹೊತ್ತು ತಂದು ತಿಂದು ಬೀಜ ಬೀಳಿಸುತ್ತವೆ. ಬಾವಲಿ ಕೂರುವ ಮರದ ಕೆಳಗೆ ಬೆಳಿಗ್ಗೆ ಹೋದರೆ ಬೀಜ ಸುಮ್ನೆ ಆಯ್ದುಕೊಳ್ಳಬಹುದು.

ಎರಡು ಎಚ್ಚರ. ಗಜನಿಯ ಒಳಗೆ ಗಿಡ ಹಾಕಬೇಡಿ. ಅದು ಕಗ್ಗ ಭತ್ತದ ಮತ್ತು ಸೀಗಡಿಯ ಜಾಗ, ಎತ್ತರದ ಅಂಚಿನಲ್ಲಿ ಮಾತ್ರ ನೆಡಿ. ನೀರಿನ ಬದಿಗೆ ಕಾಂಡ್ಲಾ (ಮ್ಯಾಂಗ್ರೋವ್) ತಾನಾಗಿ ಬಂದಿದ್ದರೆ ಅದನ್ನು ಕೀಳಬೇಡಿ. ಅದು ಮೀನಿನ ಮರಿಗಳ ತೊಟ್ಟಿಲು, ಕಾನೂನಿನ ರಕ್ಷಣೆಯೂ ಇದೆ.

ಇದರಿಂದ ಡೀಸೆಲ್ ಮಾಡುವ ಕನಸು ಈಗಲೇ ಬೇಡ. ಎಣ್ಣೆಯನ್ನು ಬಯೋಡೀಸೆಲ್ ಮಾಡಲು ಮೆಥನಾಲ್, ಕಾಸ್ಟಿಕ್ ಬೇಕು. ಮನೆಯಲ್ಲಿ ಮಾಡುವ ಕೆಲಸವಲ್ಲ, ಬೆಂಕಿಯ ಅಪಾಯ ಇದೆ. ಬೀಜ ಅಥವಾ ಎಣ್ಣೆ ಮಾರಿ, ಹಿಂಡಿ ಮಾತ್ರ ಬಿಡಬೇಡಿ. ಸಾವಿರ ಕೆಜಿ ಬೀಜದಲ್ಲಿ ಏಳುನೂರು ಕೆಜಿಗೂ ಹೆಚ್ಚು ಹಿಂಡಿಯೇ ಉಳಿಯುತ್ತದೆ. ಹೊಂಗೆ ಹಿಂಡಿ ಅಡಿಕೆ ಬುಡಕ್ಕೆ ಒಳ್ಳೆಯ ಗೊಬ್ಬರ. ತವರಿನ ಹಿಂಡಿ ಘಟ್ಟ ಹತ್ತಿ ನಿಮ್ಮ ತೋಟಕ್ಕೆ ಬಂದರೆ ಬೆಟ್ಟದ ಸೊಪ್ಪಿನ ಮೇಲಿನ ಭಾರ ಅಷ್ಟು ಇಳಿಯುತ್ತದೆ. ನನಗೆ ಎಣ್ಣೆಗಿಂತ ಇದೇ ದೊಡ್ಡ ಲಾಭವಾಗಿ ಕಾಣುತ್ತದೆ.

ಹೊಂಗೆಯಲ್ಲಿ ಒಂದು ಮರಕ್ಕೂ ಇನ್ನೊಂದಕ್ಕೂ ಫಸಲಿನಲ್ಲಿ ಅಜಗಜಾಂತರ. ಸಿಕ್ಕಿದ ಬೀಜ ಹಾಕಬೇಡಿ. ಊರಿನ ಸುತ್ತ ವರ್ಷ ವರ್ಷವೂ ಕಾಯಿ ಜಗ್ಗುವ ನಾಲ್ಕೈದು ಮರ ಗುರುತು ಮಾಡಿ, ಸಾಧ್ಯವಾದರೆ ಅವುಗಳಿಂದಲೇ ಕಸಿ ಕಟ್ಟಿಸಿ. ಏಪ್ರಿಲ್ ಹೊತ್ತಿಗೆ ಬಲಿತ ಕಾಯಿ ಸಿಗುತ್ತದೆ. ಬೀಜ ಹಳತಾದರೆ ಮೊಳಕೆ ಕಡಿಮೆ, ಆದ್ದರಿಂದ ತಂದ ಕೂಡಲೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ. ಗಿಡದಿಂದ ಗಿಡಕ್ಕೆ ಐದಾರು ಮೀಟರ್ ಬಿಡಿ. ಮೊದಲ ವರ್ಷ ಮೇಕೆ, ದನ ಬಾಯಿ ಹಾಕದ ಹಾಗೆ ಬೇಲಿ ಇರಲಿ. ಆ ಬೇಲಿಗೆ ಬೇಕಾದರೆ ಕಾಡುಹರಳು ಹಾಕಿ, ಅದಕ್ಕೆ ಸರಿಯಾದ ಜಾಗ ಅದೇ.

ಬೆಟ್ಟದ ಹತ್ತು ಚೌಕದ ಎಣಿಕೆ ಮುಗಿದ ಮೇಲೆ ಪಟ್ಟಿ ಕಳಿಸಿ. ಎಲ್ಲಿ ಸುಮ್ಮನೆ ಬಿಡಬೇಕು, ಎಲ್ಲಿ ಎಷ್ಟು ಸಸಿ ಬೇಕು ಅಂತ ಅದನ್ನು ನೋಡಿ ಬರೆಯುತ್ತೇನೆ.